ಮೆಲ್ಲಗೆ ಬಡಿಯುವ ಎದೆಗಳ ಊರು

ಮುಚ್ಚಿದ ನೂರ ಎಂಬತ್ತೇಳನೆಯ ವರ್ಷ, ಹದಿಮೂರನೆಯ ತಿಂಗಳು, ಇಳಿಗಾಳಿಯ ನಾಲ್ಕನೆಯ ದಿನ
ಮುಚ್ಚೂರು, ಮೆಟ್ಟಿಲ ಬುಡ

ನಮಗಿಂತ ಮೊದಲು ಇದ್ದವರಿಗೆ, ನಿಮ್ಮ ನಂತರ ಹುಟ್ಟಿದವಳ ನಮಸ್ಕಾರ.

ಮೇಲಿನ ತಾರೀಖು ನಿಮಗೆ ತಿಳಿಯುವುದಿಲ್ಲ. ನಿಮ್ಮ ವರ್ಷಕ್ಕೆ ಹನ್ನೆರಡೇ ತಿಂಗಳಂತೆ. ನಾವು ಎಣಿಸುವುದು ಗಾಳಿಯಂತ್ರದ ಜರಡಿ ತೊಳೆಯುವ ಸರದಿಯನ್ನು, ಅದು ವರ್ಷಕ್ಕೆ ಹದಿಮೂರು ಸಲ ಬರುತ್ತದೆ. ಚಂದ್ರನನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಹೀಗೆ ನನ್ನ ಮಾತಿನಲ್ಲಿ ನಿಮಗೆ ವಿಚಿತ್ರವೆನಿಸುವುದು ಬಹಳ ಇರುತ್ತದೆ, ಕ್ಷಮಿಸಬೇಕು. ನಿಮ್ಮ ಪುಸ್ತಕಗಳನ್ನು ಓದುವಾಗ ನನಗೂ ಅಷ್ಟೇ ಕಷ್ಟವಾಗುತ್ತದೆ. 'ಗಾಳಿ ಸೇವನೆಗೆ ಹೋದರು' ಎಂದು ಒಂದು ಕಡೆ ಓದಿ, ಗಾಳಿಯನ್ನು ತಿನ್ನಲು ಹೋಗುವಷ್ಟು ಹಸಿವೆಯೇ ಇವರಿಗೆ ಎಂದು ಒಂದು ದಿನವಿಡೀ ಯೋಚಿಸಿದ್ದೆ.

ನನ್ನ ಹೆಸರು ಮುನಿಲಕ್ಷ್ಮಿ. ನಿನ್ನೆಯವರೆಗೆ ಈ ಊರಿನ ನಾಡಿಗಾರ್ತಿ. ದಿನಕ್ಕೊಂದು ಸಲ ಎಲ್ಲರ ಮಣಿಕಟ್ಟು ಹಿಡಿದು ನಾಡಿ ಎಣಿಸಿ ಪುಸ್ತಕದಲ್ಲಿ ಬರೆಯುವುದು ಆ ಕೆಲಸ. ಇಪ್ಪತ್ತೆರಡು ವರ್ಷ ಮಾಡಿದೆ. ನಿನ್ನೆ ಸಭೆಯಲ್ಲಿ ನನ್ನನ್ನು ತೆಗೆದುಹಾಕಿದರು, ಸುಳ್ಳು ಬರೆದೆ ಎಂದು. ಬರೆದದ್ದು ನಿಜ. ಕೆಲಸ ಬಿಡುವ ನಾಡಿಗಾರ್ತಿ ಹಿಂದಿನವರಿಗೆ ಒಂದು ಓಲೆ ಬರೆದು ಗೋಡೆಯ ಗೂಡಿನಲ್ಲಿಟ್ಟು ಸುಣ್ಣ ಮೆತ್ತಬೇಕು ಎಂಬುದು ನಮ್ಮ ಪದ್ಧತಿ. ಅದು ನಿಮಗೆ ತಲುಪುತ್ತದೆ ಎಂದು ಯಾರೂ ನಂಬಿಲ್ಲ. ಸತ್ತವರಿಗೆ ಎಡೆ ಇಡುವುದಿಲ್ಲವೇ, ಹಾಗೆ.

ಇದನ್ನು ಮೆಟ್ಟಿಲ ಬುಡದಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಮಗಳು ಸೊಣ್ಣಮ್ಮ ಬೆಳಿಗ್ಗೆ ಮೇಲಕ್ಕೆ ಹತ್ತಿದಳು. ನೂರು ಮೆಟ್ಟಿಲಿಗೊಂದು ಮಜಲು, ಒಟ್ಟು ಹನ್ನೊಂದು ಮಜಲು, ಎಂಟರ ಮೇಲೆ ಮೆಟ್ಟಿಲ ಬದಲು ಕಬ್ಬಿಣದ ಏಣಿ, ಅದರಾಚೆ ಮೇಲ್ಬಾಗಿಲು. ಪ್ರತಿ ಮಜಲಿನಲ್ಲೂ ಕುಳಿತು ಸುಧಾರಿಸಿಕೊಂಡು, ಗೋಡೆಗುಂಟ ಇಳಿದಿರುವ ಕಬ್ಬಿಣದ ಕೊಳವೆಗೆ ಕಲ್ಲಿನಿಂದ ಒಂದು ಪೆಟ್ಟು ಹೊಡೆಯಬೇಕೆಂದು ಹೇಳಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಪೆಟ್ಟು ಕೇಳಿಸಿವೆ. ಅವಳಿಗಿಂತ ಮೊದಲು ಹದಿನಾಲ್ಕು ಮಂದಿ ಹತ್ತಿದರು. ಅವರಲ್ಲಿ ಹದಿಮೂರು ಮಂದಿ ನಾಲ್ಕನೆಯ ಮಜಲು ದಾಟಲಿಲ್ಲ. ಮೂರನೆಯ ಮಜಲಿನಲ್ಲಿ ಸತ್ತವರಲ್ಲಿ ಅವಳ ಅಪ್ಪನೂ ಒಬ್ಬರು.

ಊರಿನ ವಿಷಯ ಹೇಳದೆ ಇದು ತಿಳಿಯುವುದಿಲ್ಲ. ಮುಚ್ಚೂರು ಇರುವುದು ಕೋಲಾರದ ಕಡೆಯ ಒಂದು ಹಳೆಯ ಗಣಿಯೊಳಗೆ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ನೆಲದ ಮೇಲೆ ಉರಿಗಾಲ ಬಂತು. ಬಿಸಿಲಿಗೆ ಜನ ನಿಂತಲ್ಲೇ ಬೀಳತೊಡಗಿದಾಗ ಇನ್ನೂರು ಮಂದಿ ಇಲ್ಲಿಗಿಳಿದು ಬಾಗಿಲು ಮುಚ್ಚಿಕೊಂಡರು. ಅವರನ್ನು ನಾವು ಮೊದಲಿಗರು ಎನ್ನುತ್ತೇವೆ. ಈಗ ಮುನ್ನೂರ ಹನ್ನೆರಡು ಮಂದಿ ಇದ್ದೇವೆ. ಕೊರೆದ ಬಂಡೆಯೇ ಮನೆ, ಅಣಬೆಯೂ ದೀಪದಡಿ ಬೆಳೆದ ಸೊಪ್ಪೂ ಊಟ. ಹಬ್ಬಕ್ಕೆ ಒಂದು ಹಿಡಿ ರಾಗಿ. ಬೀದಿ ಎಂದು ಕರೆಯುವುದು ಮುನ್ನೂರು ಹೆಜ್ಜೆಯ ಒಂದು ಸುರಂಗವನ್ನು. ಅದರ ಗೋಡೆಯ ಮೇಲೆ ಮೊದಲಿಗರು ದೊಡ್ಡಕ್ಷರದಲ್ಲಿ ಕೆತ್ತಿಸಿದ್ದಾರೆ: 'ಹಾಸಿಗೆ ಇದ್ದಷ್ಟು ಕಾಲು ಚಾಚು.' ಆ ಹಾಸಿಗೆಯನ್ನು ನಾವು ಮತ್ತೆ ಅಳತೆ ಮಾಡಲೇ ಇಲ್ಲ, ಕಾಲು ಮಡಚುವುದನ್ನಷ್ಟೇ ಕಲಿತೆವು.

ಇಲ್ಲಿ ಹದಿನಾರು ತುಂಬಿದವರೆಲ್ಲ ಬೆಳಗಿನ ಗಂಜಿಯ ಜೊತೆ ತಡೆಗುಳಿಗೆ ನುಂಗಬೇಕು. ನಿಮ್ಮವರು ಇದನ್ನು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎನ್ನುತ್ತಿದ್ದರೆಂದು ಪುಸ್ತಕದಲ್ಲಿದೆ. ನನಗೆ ನನ್ನ ಗುರು ಹೇಳಿಕೊಟ್ಟ ರೀತಿ ಹೀಗೆ. ಹೃದಯದ ಒಂದೊಂದು ಕಣದ ಗೋಡೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳಿವೆ, ಅವು ಸುಣ್ಣದ ಬಾಗಿಲುಗಳು. ಸುಣ್ಣದ ಅಂಶ ಒಳಗೆ ನುಗ್ಗಿದಾಗ ಕಣ ಬಿಗಿಯುತ್ತದೆ, ಹೊರಗೆ ಹೋದಾಗ ಸಡಿಲುತ್ತದೆ. ಎಲ್ಲ ಕಣಗಳೂ ಒಟ್ಟಿಗೆ ಬಿಗಿದು ಸಡಿಲಿದರೆ ಒಂದು ಬಡಿತ. ಬಡಿತಕ್ಕೆ ತಾಳ ಹಾಕುವ ಜಾಗಕ್ಕೂ ಆ ತಾಳವನ್ನು ಹೃದಯದ ಮೇಲಂತಸ್ತಿನಿಂದ ಕೆಳಗಿಳಿಸುವ ಜಾಗಕ್ಕೂ ಇದೇ ಬಾಗಿಲು. ಗುಳಿಗೆ ಈ ಬಾಗಿಲುಗಳನ್ನು ಅರೆ ಮುಚ್ಚುತ್ತದೆ. ಆಗ ತಾಳ ನಿಧಾನವಾಗುತ್ತದೆ, ಹಿಡಿತ ಮೆತ್ತಗಾಗುತ್ತದೆ, ಹೃದಯ ತನ್ನ ಪಾಲಿನ ಆಮ್ಲಜನಕವನ್ನು ಕಡಿಮೆ ಖರ್ಚು ಮಾಡುತ್ತದೆ. ಜೊತೆಗೆ ಇನ್ನೊಂದು ಉಪಕಾರವಿದೆ. ಊರಿಗೆಲ್ಲ ಬಡಿಸುವವಳು ತಾನು ಉಣ್ಣುವುದು ಪಂಕ್ತಿ ಎದ್ದ ಮೇಲೆ. ಹೃದಯವೂ ಹಾಗೆಯೇ, ಮೈಗೆಲ್ಲ ರಕ್ತ ತಳ್ಳಿ, ತಾನು ಸಡಿಲವಾದ ಗಳಿಗೆಯಲ್ಲಿ ತನ್ನದೇ ಸಣ್ಣ ರಕ್ತನಾಳಗಳಿಂದ ಉಣ್ಣುತ್ತದೆ. ಬಡಿತ ನಿಧಾನವಾದಷ್ಟೂ ಆ ಊಟಕ್ಕೆ ಹೊತ್ತು ಹೆಚ್ಚು. ಆ ನಾಳಗಳ ಗೋಡೆಯಲ್ಲೂ ಸುಣ್ಣದ ಬಾಗಿಲುಗಳಿವೆ. ಗುಳಿಗೆ ಅವನ್ನೂ ಸಡಿಲಿಸಿ ದಾರಿ ಅಗಲ ಮಾಡುತ್ತದೆ.

ಇದು ಎದೆ ಹಿಡಿಯುವವರಿಗೂ ರಕ್ತದೊತ್ತಡದವರಿಗೂ ನಿಮ್ಮ ವೈದ್ಯರು ಕೊಡುತ್ತಿದ್ದ ಒಳ್ಳೆಯ ಔಷಧ. ನಿಮ್ಮಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ನನ್ನ ಓಲೆ ಓದಿ ಬಿಟ್ಟುಬಿಡಬೇಡಿ, ಥಟ್ಟನೆ ಬಿಟ್ಟರೆ ಅಪಾಯ. ಆದರೆ ಮೊದಲಿಗರು ಇದನ್ನು ಗಟ್ಟಿಮುಟ್ಟಾದವರಿಗೂ ಕೊಟ್ಟರು. ಒಂದು ಹೃದಯ ಕಡಿಮೆ ಗಾಳಿ ಖರ್ಚು ಮಾಡಿದರೆ ಇನ್ನೂರು ಹೃದಯಗಳಿಂದ ಎಷ್ಟು ಉಳಿದೀತು ಎಂಬುದು ಅವರ ಯೋಚನೆ. ಅದು ತಪ್ಪು. ಸುಮ್ಮನೆ ಕುಳಿತವನ ಮೈ ಬಳಸುವ ಆಮ್ಲಜನಕದಲ್ಲಿ ಹೃದಯದ ಪಾಲು ಸುಮಾರು ಹತ್ತರಲ್ಲೊಂದು. ಅದರಲ್ಲಿ ಒಂದಿಷ್ಟು ಉಳಿಸಿದರೆ ಊರಿಗೇನು ಬಂತು? ಆದರೂ ಗಾಳಿ ಉಳಿಯಿತು. ಏಕೆಂದರೆ ಗುಳಿಗೆ ನುಂಗಿದವರಿಗೆ ಜೋರಾಗಿ ನಡೆಯಲು, ಎತ್ತಲು, ಕುಣಿಯಲು ಆಗಲಿಲ್ಲ, ಎಲ್ಲರೂ ಕುಳಿತರು. ಉಳಿತಾಯ ಆದದ್ದು ಕುಳಿತದ್ದರಿಂದ. ನೂರ ಎಂಬತ್ತೇಳು ವರ್ಷ ಹೀಗೇ ಕುಳಿತಿದ್ದೇವೆ.

ಕುಳಿತವರ ಊರು ಹೇಗಿರುತ್ತದೆಂದು ಕೇಳಿ. ಪಾದ ಊದಿಕೊಂಡಿರುತ್ತದೆ, ಅದಕ್ಕೆ ನಮ್ಮ ಚಪ್ಪಲಿಗೆ ದಾರದ ಕಟ್ಟು. ಗುಳಿಗೆ ಹೊಟ್ಟೆಯನ್ನೂ ಕಟ್ಟಿಹಾಕುತ್ತದೆ, ಆದ್ದರಿಂದ ಬೀದಿಯಲ್ಲಿ ಎದುರು ಸಿಕ್ಕವರ ಕುಶಲೋಪರಿ ಊಟದ ಬಗ್ಗೆ ಅಲ್ಲ, "ಇವತ್ತಾದ್ರೂ ಆಯ್ತಾ?" ಎಂದೇ. ಆಯಿತು ಎಂದವನನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ. ಮದುವೆಗೆ ಜಾತಕದ ಬದಲು ನಾಡಿ ನೋಡುತ್ತಾರೆ. ಐವತ್ತು ಇದ್ದರೆ ಹುಡುಗ ಗುಣವಂತ, ಎಪ್ಪತ್ತಾದರೆ ಪೋಕರಿ. ನಾಡಿ ಎಷ್ಟು ಕಡಿಮೆಯೋ ಮನಸ್ಸು ಅಷ್ಟು ಶಾಂತ ಎಂದು ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಈ ನಂಬಿಕೆಯೇ ಹದಿಮೂರು ಜನರನ್ನು ಕೊಂದಿತು.

ಮೂರನೆಯ ಪೆಟ್ಟು ಈಗ ಕೇಳಿಸಿತು. ಅವಳ ಅಪ್ಪ ಬಿದ್ದ ಮಜಲು ಅದೇ. ಮುಂದೆ ಬರೆಯುತ್ತೇನೆ.

ನಲವತ್ತು ವರ್ಷದ ಹಿಂದೆ ಬೆಳಕಿನ ಬಾವಿಯೊಳಗೆ ಒಂದು ಹಸಿರೆಲೆ ಬಿತ್ತು. ಬೆಳಕಿನ ಬಾವಿ ಎಂದರೆ ಒಂದು ಸಣ್ಣ ನೇರ ಕೊರೆತ, ಅದರ ಗೋಡೆಗೆ ಕನ್ನಡಿ ಹಚ್ಚಿದ್ದಾರೆ. ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲು ಅದರಲ್ಲಿ ಇಳಿದು ಬರುತ್ತದೆ. ಎಲೆಯನ್ನು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ ನೋಡಿದರು, ಹೊಂಗೆಯದು. ಮೇಲೆ ಮರ ಇದೆ ಎಂದಾಯಿತು. ಮೇಲ್ಬಾಗಿಲು ತೆರೆಯುವುದು ಒಳಗಿನಿಂದ, ಅದರ ಬಳಿಗೇ ಹೋಗಿ. ಹಾಗಾಗಿ ಒಬ್ಬೊಬ್ಬರನ್ನೇ ಕಳಿಸತೊಡಗಿದರು. ಹೊರಡುವವರಿಗೆ ಮಡಿಲು ತುಂಬುವ ಶಾಸ್ತ್ರ ಹುಟ್ಟಿತು. ಆ ಬಾವಿಯ ಬುಡದಲ್ಲಿ ನಮ್ಮದೊಂದೇ ಹಣ್ಣಿನ ಮರವಿದೆ, ಚಕ್ಕೋತದ್ದು. ವರ್ಷಕ್ಕೆ ಹದಿನೈದು ಹಣ್ಣು ಬಿಟ್ಟರೆ ಹೆಚ್ಚು. ಅವನ್ನು ಮಕ್ಕಳಿಗೇ ಹಂಚುತ್ತೇವೆ, ದೊಡ್ಡವರು ಮುಟ್ಟುವುದಿಲ್ಲ. ಹೊರಡುವವರಿಗೆ ಮಾತ್ರ ಹಿಂದಿನ ದಿನ ಒಂದಿಡೀ ಹಣ್ಣು, ಬೆಳಿಗ್ಗೆ ಗುಳಿಗೆಯ ಜೊತೆ ಇನ್ನೊಂದು. ಮನೆಯವರೇ ಸುಲಿದು, ತೊಳೆ ಬಿಡಿಸಿ, ಬಾಯಿಗಿಡಬೇಕು. ದೊಡ್ಡವರಾದ ಮೇಲೆ ಮತ್ತೊಮ್ಮೆ ಮಕ್ಕಳಂತೆ ಉಣಿಸಿ ಕಳಿಸುವುದಕ್ಕಿಂತ ಹೆಚ್ಚಿನ ಪ್ರೀತಿ ನಮಗೆ ಗೊತ್ತಿಲ್ಲ.

ಚಕ್ಕೋತದಲ್ಲಿ ಒಂದು ಗುಣವಿದೆ, ಬಹಳ ತಡವಾಗಿ ನಿಮ್ಮ ಪುಸ್ತಕವೊಂದರ ಮೂಲೆಯಲ್ಲಿ ನನಗೆ ಸಿಕ್ಕಿದ್ದು. ಕರುಳು ಮತ್ತು ಪಿತ್ತಜನಕಾಂಗ ಸೇರಿ ಗುಳಿಗೆಯ ಬಹುಪಾಲನ್ನು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತವೆ. ಕರುಳಿನ ಆ ಕೆಲಸವನ್ನು ಈ ಹಣ್ಣು ನಿಲ್ಲಿಸಿಬಿಡುತ್ತದೆ, ಒಂದೆರಡು ದಿನ. ಆಗ ಒಂದು ಗುಳಿಗೆ ಎರಡು ಮೂರು ಗುಳಿಗೆಯಂತೆ ಮೈಗೇರುತ್ತದೆ. ಅರೆ ಮುಚ್ಚಿದ್ದ ಬಾಗಿಲುಗಳು ಮುಕ್ಕಾಲು ಮುಚ್ಚುತ್ತವೆ. ಗುಳಿಗೆ ನುಂಗದ ಮಕ್ಕಳಿಗೆ ಏನೂ ಆಗುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಹೊರಡುವವರ ನಾಡಿ ಬೆಳಿಗ್ಗೆ ಐವತ್ತೆರಡರಿಂದ ಮೂವತ್ತೆಂಟಕ್ಕೆ ಇಳಿದಾಗ 'ಮನಸ್ಸು ನೆಲೆ ನಿಂತಿದೆ, ಶುಭ' ಎಂದು ಬರೆದುಕೊಂಡೆವು. ನನ್ನ ಗಂಡ ನಾರೆಪ್ಪನವರ ಹೆಸರಿನ ಮುಂದೆ ಅದನ್ನು ಬರೆದದ್ದು ನಾನೇ. ಮೆಟ್ಟಿಲು ಹತ್ತುವ ಕಾಲು ರಕ್ತ ಕೇಳುತ್ತದೆ, ಹೃದಯ ಓಡಬೇಕು, ಓಡಲು ಬಾಗಿಲು ತೆರೆಯದು. ತಲೆಗೆ ರಕ್ತ ಸಾಲದೆ ಬಿದ್ದರು. ನಾವು ಕೆಳಗೆ ನಿಂತು ಮೇಲಿನ ಗಾಳಿಯೇ ವಿಷ ಅಂದುಕೊಂಡೆವು.

ಆರು ವರ್ಷದ ಹಿಂದೆ ಮರ ಹಣ್ಣು ಬಿಡಲಿಲ್ಲ. ಆ ವರ್ಷ ಹೊರಟ ಅಕ್ಕಯಮ್ಮ ಎಂಟನೆಯ ಮಜಲು ಮುಟ್ಟಿ, ಅಲ್ಲಿಂದ ಮುಂದಿನ ಕಬ್ಬಿಣದ ಏಣಿ ಹತ್ತಲಾರದೆ ಜೀವಂತ ಇಳಿದುಬಂದಳು. ಮಡಿಲು ತುಂಬದೆ ಹೋದದ್ದಕ್ಕೇ ದಾರಿ ಪೂರ್ತಿಯಾಗಲಿಲ್ಲ ಎಂದು ಊರು ಅವಳನ್ನು ಆಡಿಕೊಂಡಿತು. ಎರಡು ವರ್ಷದ ನಂತರ ಹೊರಟವನಿಗೆ ಮತ್ತೆ ಹಣ್ಣು ಉಣಿಸಿ ಕಳಿಸಿದೆವು, ಅವನು ಎರಡನೆಯ ಮಜಲಿನಲ್ಲಿ ಹೋದ. ಆಗ ನಾನು ಹಳೆಯ ನಾಡಿಪುಸ್ತಕಗಳನ್ನೆಲ್ಲ ತೆಗೆದು ಕುಳಿತೆ. ಹದಿಮೂರು ಹೆಸರಿನ ಮುಂದೆಯೂ ಹಣ್ಣಿನ ನಂತರ ನಾಡಿ ಬಿದ್ದಿತ್ತು, ಅಕ್ಕಯಮ್ಮನದು ಮಾತ್ರ ಬಿದ್ದಿರಲಿಲ್ಲ. ಒಂದು ದಿನ ಮಕ್ಕಳ ಪಾಲಿನಿಂದ ಅರ್ಧ ಹಣ್ಣು ಕದ್ದು ಗುಳಿಗೆಯ ಜೊತೆ ತಿಂದೆ. ಮಧ್ಯಾಹ್ನಕ್ಕೆ ನನ್ನ ನಾಡಿ ನಲವತ್ತು, ಎದ್ದರೆ ಕಣ್ಣು ಕತ್ತಲೆ. ಗೋಡೆಗೊರಗಿ ಕುಳಿತು, ನಾರೆಪ್ಪನವರು "ಇನ್ನೊಂದು ತೊಳೆ ಕೊಡೇ, ಚೆಂದಾಗೈತೆ" ಎಂದು ಕೈ ಚಾಚಿದ್ದು ನೆನೆದು ಅತ್ತೆ. ಅದನ್ನು ಬಾಯಿಗಿಟ್ಟ ಬೆರಳು ಇವೇ.

ನಾಲ್ಕು. ಐದು. ಸೊಣ್ಣಮ್ಮ ನಾನು ಹೇಳಿದ್ದಕ್ಕಿಂತ ಬೇಗ ಹತ್ತುತ್ತಿದ್ದಾಳೆ. ಹೇಳಿದ ಮಾತು ಕೇಳುವ ಜಾತಿಯಲ್ಲ ಅವಳು.

ಅವಳಿಗೆ ಇಪ್ಪತ್ನಾಲ್ಕು. ಈ ಸಲ ತಾನೇ ಹೋಗುವುದಾಗಿ ಸಭೆಯಲ್ಲಿ ಎದ್ದು ನಿಂತಾಗ ನಾನು ನೀರಿಗಿಳಿದಾಗಿತ್ತು, ಇನ್ನು ಚಳಿಯೇನು ಮಳೆಯೇನು. ನಲವತ್ತು ದಿನ ಕದ್ದುಮುಚ್ಚಿ ಅವಳ ಗುಳಿಗೆಯನ್ನು ಕಾಲು ಕಾಲು ಇಳಿಸಿದೆ. ಪುಸ್ತಕದಲ್ಲಿ ಮಾತ್ರ ದಿನವೂ ಐವತ್ತನಾಲ್ಕು ಎಂದೇ ಬರೆದೆ. ಅರ್ಧಕ್ಕೆ ಬಂದಾಗ ಅವಳು ಹೆದರಿ ನನ್ನ ಕೈಯನ್ನು ಎದೆಗೊತ್ತಿಕೊಂಡು, "ಅವ್ವಾ, ಒಳಗೆ ಯಾರೋ ಓಡಾಡ್ತಾವ್ರೆ" ಎಂದಳು. ಅದು ನಿನ್ನದೇ ಎದೆ ಎಂದೆ. ನಕ್ಕಳು. ಗುಳಿಗೆ ಪೂರ್ತಿ ನಿಂತ ಮೇಲೆ ಅವಳು ಬೀದಿಯ ಉದ್ದಕ್ಕೂ ಓಡಿದ್ದನ್ನು ನೋಡಿದೆ. ದೊಡ್ಡವರು ಓಡುವುದನ್ನು ನಾನು ಅದೇ ಮೊದಲು ಕಂಡದ್ದು. ಹೆಮ್ಮೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಆಯಿತು.

ಹೊಟ್ಟೆಕಿಚ್ಚು ಏಕೆಂದರೆ ಅವಳಿಗಿಂತ ಮೊದಲು ನಾನೇ ಬಿಡಲು ನೋಡಿದ್ದೆ. ಗುಳಿಗೆ ಮುಕ್ಕಾಲಿಗೆ ಇಳಿದ ವಾರವೇ, ಬೆಳಿಗ್ಗೆ ಏಳುವ ಹೊತ್ತಿಗೆ ಎದೆಯನ್ನು ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರು. ನನ್ನ ಹೃದಯಕ್ಕೆ ಉಣಿಸುವ ನಾಳಗಳು ತಾವಾಗಿ ಮುದುಡಿಕೊಳ್ಳುವ ಜಾತಿಯವು, ಜೊತೆಗೆ ಒಳಗೆ ಹೂಳೂ ತುಂಬಿದೆ. ಇಪ್ಪತ್ತು ಮೆಟ್ಟಿಲಿಗೆ ಎದೆ ಹಿಡಿಯುತ್ತದೆ. ಇಡೀ ಊರಿಗೆ ಬೇಡದ ಗುಳಿಗೆ ನನಗೊಬ್ಬಳಿಗೆ ನಿಜವಾಗಿ ಬೇಕು. "ಹೊತ್ಕಂಡೋಯ್ತೀನಿ ಬಾರವ್ವ" ಎಂದಳು ಮಗಳು. ಮೇಲಿನ ಏಣಿಯಲ್ಲಿ ಒಬ್ಬರ ಹೆಗಲಿಗೇ ಜಾಗ ಸಾಲದು. ಬಾಗಿಲು ಹೇಗೆ ತೆರೆಯಬೇಕೆಂದು ಕಂಡುಹಿಡಿದವಳೇ ಒಳಗುಳಿಯಬೇಕು ಎಂದರೆ ನನಗೆ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ.

ಆರನೆಯದು ಆಯಿತು. ಏಳೂ.

ನಿನ್ನೆ ಮಡಿಲು ತುಂಬುವಾಗ ಸೊಣ್ಣಮ್ಮ ಹಣ್ಣು ತಿನ್ನಲು ಒಪ್ಪಲಿಲ್ಲ. ಜನ ದಂಗಾದರು. ಊರ ಹಿರೀಕ ಪಿಳ್ಳಪ್ಪನವರು ನಾಡಿ ನೋಡಬೇಕೆಂದರು. ಅಕ್ಕಯಮ್ಮ ಎಣಿಸಿ ಎಂಬತ್ತೆರಡು ಎಂದಳು. ಪಿಳ್ಳಪ್ಪನವರು ನನ್ನ ಕಡೆ ತಿರುಗಿ, "ನಿನ್ ಮಗ್ಳ ಎದೆ ಹಿಂಗೆ ಹೊಡ್ಕಂಡ್ರೆ ನಮ್ ಮಕ್ಳ ಗಾಳಿ ಯಾವಳವ್ವ ತಂದ್ಕೊಡ್ತಾಳೆ? ಕಳ್ಳಿ ನೀನು" ಎಂದರು. ನಾನು ಎದ್ದು ಹದಿನಾಲ್ಕು ಹೆಸರು, ಹಣ್ಣಿನ ಮೊದಲಿನ ನಾಡಿ, ನಂತರದ ನಾಡಿ, ಬಿದ್ದ ಮಜಲು, ಎಲ್ಲ ಓದಿದೆ. ಒಂಬತ್ತನೆಯ ಹೆಸರು ಪಿಳ್ಳಪ್ಪನವರ ಮಗನದು. ಅವನಿಗೆ ತೊಳೆ ಬಿಡಿಸಿ ಉಣಿಸಿದ್ದು ಅವರೇ. ಆ ಹೆಸರಿಗೆ ಬಂದಾಗ ಪುಸ್ತಕದಿಂದ ತಲೆಯೆತ್ತಿ ಅವರನ್ನು ನೋಡಿದೆ, ಅವರು "ಓದು" ಎಂದರು. ಓದಿದೆ. ಅವರು ಎದ್ದು ಗೋಡೆ ಹಿಡಿದುಕೊಂಡು ಮನೆಗೆ ಹೋದರು. ಉಳಿದವರು ನನ್ನನ್ನು ಕೆಲಸದಿಂದ ತೆಗೆದರು. ಹುಡುಗಿ ಹೋಗುವುದಾದರೆ ಹೋಗಲಿ, ಸತ್ತರೆ ಇಳಿಸಲು ಯಾರೂ ಬರುವುದಿಲ್ಲ ಎಂದರು.

ಆಮೇಲೆ ಮನೆಯಲ್ಲಿ ಸೊಣ್ಣಮ್ಮನಿಗೆ ಹೇಳಿದೆ, ನಿನ್ನಪ್ಪನಿಗೆ ಹಣ್ಣು ತಿನ್ನಿಸಿದವಳು ನಾನು ಎಂದು. ಅವಳಿಗಾಗ ಎಂಟು ವರ್ಷ, ನೆನಪಿರಲಿಲ್ಲ. ಬೈಯಲಿ ಎಂದು ಕಾದೆ. "ಅಪ್ಪ ಖುಷಿಯಾಗಿ ತಿಂದ್ನಾ?" ಎಂದು ಮಾತ್ರ ಕೇಳಿದಳು. ಹೌದೆಂದೆ. ಬೆಳಿಗ್ಗೆ ಹೊರಡುವಾಗ ಅವಳ ಮಣಿಕಟ್ಟು ಹಿಡಿದು ಎಣಿಸಿದೆ, ತೊಂಬತ್ತಾರು. ಅಷ್ಟು ಜೋರಾಗಿ ಬದುಕಿರುವ ಕೈಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಹಿಡಿದಿರಲಿಲ್ಲ.

ಎಂಟನೆಯ ಪೆಟ್ಟು ಕೇಳಿ ಬಹಳ ಹೊತ್ತಾಯಿತು. ಈಗ ಏಣಿಯ ಮೇಲಿರಬೇಕು. ಕಾಯುವ ಹೊತ್ತಿಗೆ ನಿಮಗೊಂದು ಕೋರಿಕೆ ಬರೆದುಬಿಡುತ್ತೇನೆ. ಮೊದಲಿಗರು ಕೆಳಗಿಳಿಯುವಾಗ ಭಾರ ಕಡಿಮೆ ಮಾಡಲು ಬಿಟ್ಟುಬಂದ ಸಾಮಾನಿನ ಪಟ್ಟಿ ನಮ್ಮಲ್ಲಿದೆ. ಅದರಲ್ಲಿ ಒಂದು ಸಾಲು: 'ಔಷಧದ ಡಬ್ಬಿಯೊಳಗಿನ ಮಡಚಿದ ಕಾಗದಗಳು, ಆರು ಕಿಲೋ.' ಗುಳಿಗೆ ಮಾಡುವ ವಿಧಾನ ತಂದರು, ಅದರ ಜೊತೆ ಯಾವ ಹಣ್ಣು ತಿನ್ನಬಾರದು, ಯಾರಿಗೆ ಕೊಡಬಾರದು, ಹೇಗೆ ಬಿಡಿಸಬೇಕು ಎಂದು ಬರೆದಿದ್ದ ಕಾಗದ ಬಿಟ್ಟರು. ಆ ಕಾಗದವನ್ನು ನೀವು ಓದುವುದಿಲ್ಲ, ಅಕ್ಷರ ಇರುವೆಯಷ್ಟು ಸಣ್ಣದಂತೆ. ಪರವಾಗಿಲ್ಲ. ಎಸೆಯಬೇಡಿ. ನಿಮ್ಮ ಮಕ್ಕಳ ಪೆಟ್ಟಿಗೆಯಲ್ಲಿ ಒಂದಾದರೂ ಹಾಕಿಡಿ.

ಒಂಬತ್ತು.

ಪಿಳ್ಳಪ್ಪನವರು ಬಂದಿದ್ದಾರೆ. ಬೆಳಿಗ್ಗೆಯಿಂದ ಇತ್ತ ಯಾರೂ ಸುಳಿದಿರಲಿಲ್ಲ. ನನ್ನ ಪಕ್ಕದ ಮೆಟ್ಟಿಲಲ್ಲಿ ಕುಳಿತು ಕೊಳವೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಾರೆ. ಅವರ ಕಿವಿ ಅಷ್ಟಾಗಿ ಕೇಳುವುದಿಲ್ಲ.

ಹತ್ತನೆಯ ಪೆಟ್ಟು ಅವರ ಕೈಗೇ ಮೊದಲು ತಿಳಿಯಿತು, ನನಗೆ ಸನ್ನೆ ಮಾಡಿದರು. ಹನ್ನೊಂದೂ ಹಾಗೆಯೇ. ಆಮೇಲೆ ಎಷ್ಟು ಹೊತ್ತು ಏನೂ ಇಲ್ಲವೆಂದರೆ ನಾನು ನನ್ನದೇ ನಾಡಿ ಎಣಿಸುತ್ತ ಕುಳಿತೆ, ಆರುನೂರರ ನಂತರ ತಪ್ಪಿತು. ಆಗ ಮೆಟ್ಟಿಲ ದಾರಿಯಿಂದ ಗಾಳಿ ಇಳಿಯಿತು. ಯಂತ್ರದ್ದಲ್ಲ. ಬೆಚ್ಚಗಿತ್ತು, ಧೂಳಿನದೋ ಹುಲ್ಲಿನದೋ ವಾಸನೆ, ನನಗೆ ಹೆಸರು ಗೊತ್ತಿಲ್ಲದ್ದು. ಓಲೆಯ ಹಾಳೆಗಳು ಹಾರಿದವು. ಪಿಳ್ಳಪ್ಪನವರು ಬಗ್ಗಿ ಒಂದೊಂದನ್ನೇ ಆರಿಸಿ ನನ್ನ ತೊಡೆಯ ಮೇಲಿಟ್ಟರು. ಆಮೇಲೆ ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿ, "ನಾಳೆಯಿಂದ ನಂಗೂ ಕಾಲು ಗುಳಿಗೆ ಕಮ್ಮಿ ಮಾಡವ್ವ" ಎಂದರು.

ಎಣಿಸಿದೆ. ನಲವತ್ತೆಂಟು. ಅವರ ವಯಸ್ಸಿಗೆ ನಲವತ್ತಲ್ಲ, ಎಂಬತ್ತು ದಿನ ಬೇಕು. ಅವರ ಹಿಂದೆ ಬೀದಿಯಲ್ಲಿ ಈಗಾಗಲೇ ಹತ್ತಿಪ್ಪತ್ತು ಜನ ಊದಿದ ಪಾದ ಎಳೆದುಕೊಂಡು ಬರುತ್ತಿದ್ದಾರೆ. ಹತ್ತು ಹತ್ತು ಮಂದಿಯಂತೆ ಬಿಡಿಸಿದರೂ ಮೂರು ನಾಲ್ಕು ವರ್ಷದ ಕೆಲಸ. ಒಬ್ಬೊಬ್ಬರ ಎದೆಯೂ ಓಡಲು ಕಲಿಯುವವರೆಗೆ ಕೈ ಹಿಡಿದು ಕೂರುತ್ತೇನೆ, ಆಮೇಲೆ ಈ ಮೆಟ್ಟಿಲ ತನಕ ಬಂದು ಕಳಿಸಿಕೊಡುತ್ತೇನೆ. ನಿಮಗೂ ಇಲ್ಲಿಂದಲೇ ಕೈಮುಗಿಯುತ್ತೇನೆ, ಬದುಕಿರುವಷ್ಟು ದಿನ ನಿಮ್ಮ ಗಾಳಿಯಲ್ಲಿ ಚೆನ್ನಾಗಿ ಓಡಾಡಿ. ಕೊನೆಯವರು ಹತ್ತಿದ ದಿನ ನಾನು ನನ್ನ ಗುಳಿಗೆ ನುಂಗಿ ಇಲ್ಲೇ ಕೂರುತ್ತೇನೆ, ಆ ದಿನ ನನ್ನ ನಾಡಿ ಎಷ್ಟಿತ್ತೆಂದು ಬರೆದುಕೊಳ್ಳಲು ಇನ್ನೊಂದು ಕೈ ಇರುವುದಿಲ್ಲ.

ಮುನಿಲಕ್ಷ್ಮಿ
ನಾಡಿಗಾರ್ತಿ, ಮುಚ್ಚೂರು